ಲೆಜೆಂಡ್ ಎಡಿಷನ್‌ಗೆ ಒಂದೂವರೆ ಲಕ್ಷ ಜಾಸ್ತಿ ಕೊಡಬೇಕಾ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ, ಅಕ್ಕಿ ವ್ಯಾಪಾರ. ವಾರದಲ್ಲಿ ಎರಡು ಮೂರು ಸಲ ಸಿಂಧನೂರು, ರಾಯಚೂರು, ಬಳ್ಳಾರಿ ಓಡಾಟ ಇದ್ದೇ ಇರುತ್ತದೆ. ಪಿಕಪ್ ಚೆನ್ನಾಗಿರುವ, ಓಡಿಸೋಕೆ ಖುಷಿ ಕೊಡುವ ಹ್ಯಾಚ್‌ಬ್ಯಾಕ್ ಬೇಕು. ಎರಡು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ನೋಡಿಟ್ಟಿದ್ದೇನೆ. ಒಂದು 2021ರ ಜಿಟಿ ಟಿಎಸ್‌ಐ, ಹುಬ್ಬಳ್ಳಿ ಗಾಡಿ, 7.25 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2022ರ ಲೆಜೆಂಡ್ ಎಡಿಷನ್, ಹೈದರಾಬಾದ್ ಗಾಡಿ, 8.75 ಲಕ್ಷ. ಎರಡೂ ಓಡಿರುವುದು ಹೆಚ್ಚುಕಡಿಮೆ ಒಂದೇ. 'ಇದು ಲಿಮಿಟೆಡ್ ಗಾಡಿ, ಮುಂದೆ ರೇಟು ಏರುತ್ತೆ' ಅಂತ ಬ್ರೋಕರ್ ಹೇಳ್ತಾನೆ. ಅಪ್ಪ ಮಾತ್ರ 'ಹಳೇ ಗಾಡಿ ಯಾಕೆ, ಹೊಸ ಹುಂಡೈ ಐ20 ಎನ್ ಲೈನ್ ತಗೋ' ಅಂತಾರೆ. ಬಜೆಟ್ ಆನ್ ರೋಡ್ 12 ಲಕ್ಷ. ಮನೆಯಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ಯಾವುದು ತಗೊಳ್ಳಲಿ?

ಉತ್ತರ: ಎರಡು ಪೋಲೋ ಮಧ್ಯೆ ಅಂತಾದರೆ ಮಾಮೂಲಿ ಜಿಟಿ ಟಿಎಸ್‌ಐ ತಗೊಳ್ಳಿ. ಲೆಜೆಂಡ್‌ಗೆ ಕೇಳುತ್ತಿರುವ ಒಂದೂವರೆ ಲಕ್ಷ ಹೆಸರಿಗೆ ಕೊಡುವ ದುಡ್ಡು. ಅದರಿಂದ ಗಾಡಿ ಒಂದು ಚೂರೂ ಜಾಸ್ತಿ ಓಡುವುದಿಲ್ಲ, ಒಂದು ಅಡಿ ಮುಂಚೆಯೂ ನಿಲ್ಲುವುದಿಲ್ಲ. ಆದರೆ ಮಗಳ ವಿಷಯ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ನಿಮ್ಮ ತಂದೆಯವರ ಮಾತನ್ನು ಸುಮ್ನೆ ಬಿಡುವಂತಿಲ್ಲ ಅನ್ನಿಸಿತು. ಅದನ್ನು ಆಮೇಲೆ ನೋಡೋಣ.

ಲೆಜೆಂಡ್ ಎಡಿಷನ್ ಅಂದರೆ ಏನು ಅಂತ ಮೊದಲು ತಿಳಿದುಕೊಳ್ಳಿ. ಪೋಲೋ ನಮ್ಮ ದೇಶದಲ್ಲಿ 2010ರಿಂದ 2022ರವರೆಗೆ ಮಾರಾಟವಾಯಿತು. ನಿಲ್ಲಿಸುವ ಹೊತ್ತಿಗೆ, 2022ರ ಏಪ್ರಿಲ್‌ನಲ್ಲಿ, ಫೋಕ್ಸ್‌ವ್ಯಾಗನ್ ಕಂಪನಿ ಬೀಳ್ಕೊಡುಗೆ ಅಂತ ಲೆಜೆಂಡ್ ಎಡಿಷನ್ ತಂದಿತು. ಎಕ್ಸ್ ಷೋರೂಂ 10.25 ಲಕ್ಷ ರೂ. ಅದರಲ್ಲಿ ಹೊಸದು ಏನಿತ್ತು? ಮುಂದಿನ ಫೆಂಡರ್ ಮೇಲೆ, ಡಿಕ್ಕಿ ಮೇಲೆ 'ಲೆಜೆಂಡ್' ಬ್ಯಾಡ್ಜ್. ಪಕ್ಕದಲ್ಲಿ ಗ್ರಾಫಿಕ್. ಡಿಕ್ಕಿಗೆ ಕಪ್ಪು ಪಟ್ಟಿ. ಮಿಕ್ಕಿದ್ದೆಲ್ಲ ಜಿಟಿ ಟಿಎಸ್‌ಐ ಆಟೋಮ್ಯಾಟಿಕ್. ಅದೇ 1.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಅದೇ 110 ಪಿಎಸ್ ಶಕ್ತಿ, ಅದೇ 175 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಅದೇ 6 ಸ್ಪೀಡ್ ಗೇರ್‌ಬಾಕ್ಸ್. ನೀವು ನೋಡಿದ 2021ರ ಗಾಡಿಯಲ್ಲೂ ಇದೇ ಇದೆ. ಕಣ್ಣು ಕಟ್ಟಿ ಎರಡರಲ್ಲೂ ಕೂರಿಸಿದರೆ ಯಾವುದು ಯಾವುದು ಅಂತ ನಿಮಗೂ ಹೇಳಲಾಗುವುದಿಲ್ಲ, ನನಗೂ ಆಗುವುದಿಲ್ಲ.

ಹೀಗಂತ ಸ್ಪೆಷಲ್ ಎಡಿಷನ್ ಎಲ್ಲವೂ ಬರೀ ಸ್ಟಿಕರ್ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಒಳಗಿನದ್ದನ್ನು ಬದಲಾಯಿಸಿ ಕೊಟ್ಟ ಗಾಡಿಗಳೂ ನಮ್ಮಲ್ಲಿ ಬಂದಿವೆ. 2015ರ ಅಕ್ಟೋಬರ್‌ನಲ್ಲಿ ಬಂದ ಫಿಯಟ್‌ನ ಅಬಾರ್ತ್ ಪುಂಟೊ ನೆನಪಿದೆಯಾ? 1.4 ಲೀಟರ್ ಟಿ-ಜೆಟ್ ಎಂಜಿನ್, 145 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಬಿಗಿ ಸಸ್ಪೆನ್ಷನ್. ಬೆಲೆ 10 ಲಕ್ಷದ ಒಳಗೇ ಇತ್ತು. ಆ ಬೆಲೆಗೆ ಅಂಥ ಶಕ್ತಿಯ ಹ್ಯಾಚ್‌ಬ್ಯಾಕ್ ಬೇರೆ ಯಾರೂ ಕೊಡುತ್ತಿರಲಿಲ್ಲ. 2017ರಲ್ಲಿ ಮಾರುತಿಯ ಬಲೆನೊ ಆರ್‌ಎಸ್ ಬಂತು. 1.0 ಬೂಸ್ಟರ್‌ಜೆಟ್ ಟರ್ಬೊ, 102 ಪಿಎಸ್, ಹಿಂದಕ್ಕೂ ಡಿಸ್ಕ್. 2018ರಲ್ಲಿ ಟಾಟಾ ಮತ್ತು ಕೊಯಮತ್ತೂರಿನ ಜಯೆಮ್ ಸೇರಿ ಟಿಯಾಗೊ ಜೆಟಿಪಿ ತಂದವು. 6.39 ಲಕ್ಷಕ್ಕೆ 114 ಪಿಎಸ್. ಇವಕ್ಕೆ ಜಾಸ್ತಿ ದುಡ್ಡು ಕೊಟ್ಟವರಿಗೆ ಜಾಸ್ತಿ ಗಾಡಿಯೇ ಸಿಕ್ಕಿತು. ಇಂಥ ಗಾಡಿಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಅವುಗಳ ಕಷ್ಟವೂ ಅಲ್ಲೇ ಇದೆ. ಜೆಟಿಪಿ 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ನಿಂತುಹೋಯಿತು. ಬಲೆನೊ ಆರ್‌ಎಸ್ ಕೂಡ ಅದೇ ಹೊತ್ತಿಗೆ ಹೋಯಿತು. ಫಿಯಟ್ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿತು. ಬರೀ ಆ ಮಾಡೆಲ್‌ಗೇ ಅಂತ ಮಾಡಿದ ಬಂಪರ್, ಸೈಲೆನ್ಸರ್, ಸ್ಪ್ರಿಂಗ್ ಹಾಳಾದರೆ ಕೊಪ್ಪಳದಲ್ಲಿ ಕೂತು ಎಲ್ಲಿಂದ ತರಿಸುತ್ತೀರಿ? ಬೆಂಗಳೂರು, ಪುಣೆಯಲ್ಲಿ ಇರುವವರಿಗೆ ಅಂಥ ಗಾಡಿ ಸಾಕುವವರ ಬಳಗ ಇರುತ್ತದೆ, ಅದಕ್ಕೆಂದೇ ಗ್ಯಾರೇಜ್ ಇರುತ್ತವೆ. ನಿಮ್ಮ ಕೆಲಸದ ಗಾಡಿ ಒಂದು ಸ್ಪೇರ್ ಪಾರ್ಟ್‌ಗಾಗಿ ವಾರಗಟ್ಟಲೆ ನಿಂತರೆ ವ್ಯಾಪಾರ ನಡೆಯುವುದಿಲ್ಲ.

ಹಾಗಾಗಿ ಯಾವುದೇ ಸ್ಪೆಷಲ್ ಎಡಿಷನ್ ಎದುರಿಗೆ ಬಂದರೂ ಒಂದು ಕೆಲಸ ಮಾಡಿ. ಆ ಎಡಿಷನ್‌ನ ಬ್ರೋಷರ್, ಮಾಮೂಲಿ ಗಾಡಿಯ ಬ್ರೋಷರ್, ಎರಡನ್ನೂ ಫೋನಿಗೆ ಇಳಿಸಿಕೊಳ್ಳಿ. ಫೋಟೋ ಇರುವ ಪುಟಗಳನ್ನು ಬಿಟ್ಟು ಕೊನೆಯ ಪುಟದ ಕೋಷ್ಟಕ ನೋಡಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಬ್ರೇಕ್, ಟೈರ್ ಸೈಜು, ಏರ್‌ಬ್ಯಾಗ್. ಈ ಸಾಲುಗಳಲ್ಲಿ ಏನಾದರೂ ಬೇರೆ ಇದ್ದರೆ ಜಾಸ್ತಿ ದುಡ್ಡಿನ ಮಾತು ಆಡಬಹುದು. ಎಲ್ಲ ಒಂದೇ ಇದ್ದರೆ ನೀವು ಕೊಡುತ್ತಿರುವುದು ಬಣ್ಣಕ್ಕೆ ಮತ್ತು ಬರಹಕ್ಕೆ. 2021ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡಾರ್ಕ್ ಎಡಿಷನ್ ಹಾಗೇ, ಎಂಜಿನ್ ಮಾಮೂಲಿ ಆಲ್ಟ್ರೋಜ್‌ನದ್ದೇ. ಮಾರುತಿ ಹಬ್ಬದ ಟೈಮಿಗೆ ತರುವ ಎಡಿಷನ್‌ಗಳು ಬಹುಪಾಲು ಆಕ್ಸೆಸರಿ ಪ್ಯಾಕ್. ಅದೇ 2024ರ ಜೂನ್‌ನಲ್ಲಿ ಬಂದ ಆಲ್ಟ್ರೋಜ್ ರೇಸರ್ ನೋಡಿ. ಬಾನೆಟ್ ಮೇಲೆ ಪಟ್ಟೆ ಇದ್ದರೂ ಒಳಗೆ ನಿಜವಾದ ವ್ಯತ್ಯಾಸ ಇತ್ತು. ಹಿಂದಿನ ಟರ್ಬೊ ಆಲ್ಟ್ರೋಜ್ (ಐಟರ್ಬೊ) 110 ಪಿಎಸ್, 140 ನ್ಯೂಟನ್ ಮೀಟರ್. ರೇಸರ್ 120 ಪಿಎಸ್, 170 ನ್ಯೂಟನ್ ಮೀಟರ್, ಜೊತೆಗೆ 5ರ ಬದಲು 6 ಗೇರ್. ಮೇಲಿನ ವೇರಿಯಂಟ್‌ನಲ್ಲಿ ಗಾಳಿ ಬರುವ ಸೀಟು ಕೂಡ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಆ ಸೀಟಿನ ಬೆಲೆ ಎಷ್ಟು ಅಂತ ರಾಯಚೂರಿನವರನ್ನು ಕೇಳಬೇಕು! 2025ರ ಮೇನಲ್ಲಿ ಆಲ್ಟ್ರೋಜ್ ಹೊಸ ರೂಪದಲ್ಲಿ ಬಂದಾಗ ರೇಸರ್ ಅದರ ಜೊತೆ ಬರಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೇದು ಸಿಕ್ಕರೆ ನೋಡಿ. ಆ ಎಂಜಿನ್ ನೆಕ್ಸಾನ್‌ನಲ್ಲೂ ಇರುವುದರಿಂದ ಸ್ಪೇರ್ ಪಾರ್ಟ್‌ಗೆ ಪರದಾಡಬೇಕಿಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ಕಾರು ಬಗ್ಗೆ ಬರೆಯುವವರು ಬಹಳಷ್ಟು ಜನ ಮುಂಬೈ, ದೆಹಲಿಯಲ್ಲಿ ಕೂತು ಬರೆಯುತ್ತಾರೆ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಲಾರಿ ಹಿಂದೆ ಹೋಗುವುದು ಅಂದರೆ ಏನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆ ಕೆಂಪು ಧೂಳು ಸಂದಿಗೊಂದಿ ಬಿಡದೆ ಹೋಗಿ ಕೂರುತ್ತದೆ. ಸ್ಟಿಕರ್ ಇರುವ ಗಾಡಿಯನ್ನು ಬೆಳಗಿನ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಬಿಸಿಲಿಗೆ ಅಂಟು ಒಣಗಿ ಸ್ಟಿಕರ್ ಅಂಚು ಕೂದಲೆಳೆಯಷ್ಟು ಎದ್ದಿರುತ್ತದೆ. ಆ ಅಂಚಿನುದ್ದಕ್ಕೂ ಕೆಂಪು ಗೆರೆ ಎಳೆದ ಹಾಗೆ ಧೂಳು ಸೇರಿರುತ್ತದೆ. ಪ್ರೆಷರ್ ವಾಷ್ ಹೊಡೆದರೆ ಗೆರೆ ಹೋಗುವುದಿಲ್ಲ, ಸ್ಟಿಕರ್ ಇನ್ನಷ್ಟು ಏಳುತ್ತದೆ ಅಷ್ಟೇ. ಕಿತ್ತು ಹಾಕಿದರೆ ಕೆಳಗಿನ ಬಣ್ಣ ಒಂದು ಥರ, ಸುತ್ತಲಿನದು ಇನ್ನೊಂದು ಥರ. ಬಾಗಿಲಿಗೆ ಒಂದು ಬೈಕ್ ಉಜ್ಜಿಕೊಂಡು ಹೋಯಿತು ಅನ್ನಿ. ಡೆಂಟಿಂಗ್-ಪೇಂಟಿಂಗ್ ಆದ ಮೇಲೆ ಅದೇ ಗ್ರಾಫಿಕ್ ಮತ್ತೆ ಎಲ್ಲಿ ಸಿಗಬೇಕು? ಫ್ಲೆಕ್ಸ್ ಅಂಗಡಿಯಲ್ಲಿ ಕತ್ತರಿಸಿ ಅಂಟಿಸುತ್ತಾರೆ. ಆಮೇಲೆ ಅದು ಲೆಜೆಂಡ್ ಎಡಿಷನ್ ಅಂತ ಯಾರು ನಂಬುತ್ತಾರೆ?

ಟೈರಿನ ವಿಷಯ ಇನ್ನೂ ಮುಖ್ಯ. ಎರೆಮಣ್ಣಿನ ಸೀಮೆಯಲ್ಲಿ ರಸ್ತೆ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಒಳಗೆ ಕುಸಿದಿರುತ್ತದೆ. ಮಳೆಗೆ ಆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಕಾರಟಗಿ ದಾಟಿ ಸಿಂಧನೂರಿನ ಕಡೆ, ಕಾಲುವೆ ಪಕ್ಕದ ರಸ್ತೆಗಳಲ್ಲಿ ನೀವು ದಿನಾ ನೋಡುತ್ತಿರುತ್ತೀರಿ. ಅಲ್ಲಿ ರಿಮ್ ಉಳಿಸುವುದು ಟೈರಿನ ಪಕ್ಕದ ಗೋಡೆ. ಐ20 ಎನ್ ಲೈನ್‌ನ 195/55 ಆರ್16 ಟೈರಿನಲ್ಲಿ ಆ ಗೋಡೆಯ ಎತ್ತರ ಸುಮಾರು 107 ಮಿಲಿಮೀಟರ್. ನೋಡೋಕೆ ಚೆನ್ನಾಗಿರುತ್ತೆ ಅಂತ 205/45 ಆರ್17 ಹಾಕಿಸಿದರೆ ಅದು 92ಕ್ಕೆ ಇಳಿಯುತ್ತದೆ. ಆ ಒಂದೂವರೆ ಸೆಂಟಿಮೀಟರ್ ಇಲ್ಲದೆ ಗುಂಡಿಗೆ ಇಳಿದರೆ ಅಲಾಯ್ ಬಿರುಕು ಬಿಡುತ್ತದೆ, ಇಲ್ಲವೇ ಟೈರಿನ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ಪಂಕ್ಚರ್ ಅಂಗಡಿಯವರು ಏನೂ ಮಾಡಲಾಗುವುದಿಲ್ಲ, ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಗಾಡಿಗೆ ಹಿಂದಿನವರು ದೊಡ್ಡ ರಿಮ್ ಹಾಕಿಸಿದ್ದರೆ, 'ಇದು ಎಕ್ಸ್‌ಟ್ರಾ ಸರ್' ಅಂತ ಬ್ರೋಕರ್ ಹೇಳಿದರೆ, ಹಳೇ ರಿಮ್ ವಾಪಸ್ ಕೇಳಿ.

ಲಿಮಿಟೆಡ್ ಗಾಡಿ, ರೇಟು ಏರುತ್ತೆ ಅನ್ನುವ ಮಾತಿಗೆ ಬರೋಣ. ಲಿಮಿಟೆಡ್ ಅಂದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಪೋಲೋ ಜಿಟಿಐ ಕಥೆ ಕೇಳಿ. 2016ರ ನವೆಂಬರ್‌ನಲ್ಲಿ ಬಂತು. ಮೂರು ಬಾಗಿಲು, 1.8 ಲೀಟರ್, 192 ಪಿಎಸ್. ದೇಶಕ್ಕೆಲ್ಲ ತಂದಿದ್ದು 99 ಗಾಡಿ. ಬೆಲೆ 25 ಲಕ್ಷದ ಮೇಲೆ. ಅಷ್ಟು ಅಪರೂಪದ ಗಾಡಿಯ ಬೆಲೆಯನ್ನು ಮುಂದಿನ ವರ್ಷವೇ ಕಂಪನಿ 20 ಲಕ್ಷದ ಆಸುಪಾಸಿಗೆ ಇಳಿಸಿತು. ಎಂಜಿನ್ ಬೇರೆ, ಬಾಡಿ ಬೇರೆ ಇದ್ದ ಗಾಡಿಯ ಗತಿಯೇ ಹೀಗಾಗಿತ್ತು. ಇನ್ನು ಬ್ಯಾಡ್ಜ್ ಒಂದೇ ಬೇರೆ ಇರುವ ಗಾಡಿಯ ಬೆಲೆ ಏರುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ. ನಾಲ್ಕು ವರ್ಷ ಬಿಟ್ಟು ನೀವು ಅದನ್ನು ಮಾರುವುದು ಯಾರಿಗೆ? ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳುವುದು ಮೈಲೇಜ್ ಎಷ್ಟು, ಆಕ್ಸಿಡೆಂಟ್ ಆಗಿದೆಯಾ, ಎಷ್ಟನೇ ಓನರ್ ಅಂತ. ಬೆಂಗಳೂರಿನಲ್ಲಿ ಪೋಲೋ ಹುಚ್ಚಿನವರು ಒಬ್ಬರು ಸಿಗಬಹುದು. ಸಿಕ್ಕರೆ ಒಳ್ಳೇದೇ. ಅದನ್ನು ಲೆಕ್ಕಕ್ಕೆ ಹಿಡಿದು ಇವತ್ತು ದುಡ್ಡು ಕೊಡುವುದು ಬೇಡ.

ಹೈದರಾಬಾದ್ ಗಾಡಿ ಅಂದಿರಲ್ಲ, ಅಲ್ಲಿ ಇನ್ನೊಂದು ಖರ್ಚು ಅಡಗಿದೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿ ರೇಟು ಕಡಿಮೆ ಅಂತ ಹೋಗಿ ನೋಡುವವರು ತುಂಬಾ ಜನ. ತೆಲಂಗಾಣದ ಗಾಡಿ ಇಲ್ಲಿ ನಿಮ್ಮ ಹೆಸರಿಗೆ ಆಗಬೇಕಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು, ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ಕೊಪ್ಪಳದ ಕೆಎ 37 ನಂಬರ್ ಬರುತ್ತದೆ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಟ್ಯಾಕ್ಸ್ 14%, 10 ಲಕ್ಷ ದಾಟಿದರೆ 17%. ಮೇಲೆ ಸೆಸ್ ಬೇರೆ. ಲೆಜೆಂಡ್ ಹೊಸದಾಗಿದ್ದಾಗಿನ ಬೆಲೆಯೇ 10.25 ಲಕ್ಷ, ಹಾಗಾಗಿ ಅದು 17%ರ ಲೆಕ್ಕಕ್ಕೆ ಬೀಳುತ್ತದೆ. ಹೊಸ ಗಾಡಿಗಾದರೆ ಅದು 1.74 ಲಕ್ಷ. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೂ ದೊಡ್ಡ ಮೊತ್ತವೇ ಉಳಿಯುತ್ತದೆ. ಹಾಗಾದರೆ 8.75 ಅನ್ನುವುದು ಪೂರ್ತಿ ಬೆಲೆಯಲ್ಲ. ಹುಬ್ಬಳ್ಳಿ ಗಾಡಿಗೆ ಈ ತಲೆನೋವು ಇಲ್ಲ. ಫಾರಂ 29, 30 ಹಾಕಿ ಹೆಸರು ಬದಲಾಯಿಸಿದರೆ ಆಯಿತು, ನಂಬರ್ ಪ್ಲೇಟ್ ಕೂಡ ಅದೇ ಇರುತ್ತದೆ.

ಈ 10 ಲಕ್ಷದ ಗೆರೆ ಹೊಸ ಗಾಡಿ ಕೊಳ್ಳುವಾಗಲೂ ನೆನಪಿರಲಿ. 9.90 ಲಕ್ಷದ ಗಾಡಿಗೆ 14% ಅಂದರೆ 1,38,600 ರೂ. ಸ್ಪೆಷಲ್ ಎಡಿಷನ್ ಅಂತ 40 ಸಾವಿರ ಜಾಸ್ತಿ ಆಗಿ 10.30 ಲಕ್ಷ ಆದರೆ 17% ಲೆಕ್ಕದಲ್ಲಿ 1,75,100 ರೂ. ಅಂದರೆ 40 ಸಾವಿರದ ಅಲಂಕಾರಕ್ಕೆ ಟ್ಯಾಕ್ಸ್ ಒಂದೇ 36,500 ಜಾಸ್ತಿ. ಷೋರೂಂನಲ್ಲಿ ಇದನ್ನು ಯಾರೂ ತಾವಾಗಿ ಬಿಡಿಸಿ ಹೇಳುವುದಿಲ್ಲ. ನೀವೇ ಕೇಳಬೇಕು.

ಈಗ ನಿಮ್ಮ ತಂದೆಯವರ ಮಾತು. ಐ20 ಎನ್ ಲೈನ್ ಹೆಸರು ಕೇಳಿದರೆ ಅದೂ ಒಂದು ಸ್ಟಿಕರ್ ಎಡಿಷನ್ ಅನ್ನಿಸಬಹುದು. ಹಾಗಲ್ಲ. 2023ರಲ್ಲಿ ಐ20 ಹೊಸ ರೂಪ ತಗೊಂಡಾಗ ಮಾಮೂಲಿ ಐ20ಯಿಂದ ಟರ್ಬೊ ಎಂಜಿನ್ ತೆಗೆದುಬಿಟ್ಟರು. ಆ 1.0 ಟರ್ಬೊ ಈಗ ಎನ್ ಲೈನ್‌ನಲ್ಲಿ ಮಾತ್ರ. 120 ಪಿಎಸ್, 172 ನ್ಯೂಟನ್ ಮೀಟರ್. 6 ಸ್ಪೀಡ್ ಮ್ಯಾನ್ಯುಯಲ್ ಇದೆ, 7 ಸ್ಪೀಡ್ ಡಿಸಿಟಿ ಆಟೋಮ್ಯಾಟಿಕ್ ಇದೆ. ಸಸ್ಪೆನ್ಷನ್ ಬಿಗಿ ಮಾಡಿದ್ದಾರೆ, ಸ್ಟೀರಿಂಗ್ ತೂಕ ಹೆಚ್ಚಿಸಿದ್ದಾರೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್. ಪೋಲೋದಲ್ಲಿ ಜಿಟಿ ಆಗಲಿ ಲೆಜೆಂಡ್ ಆಗಲಿ ಹಿಂದೆ ಡ್ರಮ್ಮೇ ಇರುವುದು.

ಎನ್ ಲೈನ್‌ನಲ್ಲಿ ಆರು ಏರ್‌ಬ್ಯಾಗ್, ಪೋಲೋದಲ್ಲಿ ಎರಡು. ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಪೋಲೋದ ಬಾಡಿ ಗಟ್ಟಿ ಅನ್ನುವುದು ಸುಳ್ಳಲ್ಲ, ಎರಡು ಏರ್‌ಬ್ಯಾಗ್ ಇಟ್ಟುಕೊಂಡೇ 2014ರಲ್ಲಿ ಕಾರು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 4 ಸ್ಟಾರ್ ತಗೊಂಡಿತ್ತು. ಎರಡೇ ಏರ್‌ಬ್ಯಾಗ್ ಇದ್ದ ಹಿಂದಿನ ಐ20ಗೆ 2022ರಲ್ಲಿ ಸಿಕ್ಕಿದ್ದು 3 ಸ್ಟಾರ್. ಆದರೆ ಆಗಿನ ಪೋಲೋ ಪರೀಕ್ಷೆ ಮುಂದಿನಿಂದ ಗುದ್ದುವುದು ಮಾತ್ರ. ನಮ್ಮ ರಸ್ತೆಯ ಅಪಾಯ ಬೇರೆ. ಭತ್ತದ ಸುಗ್ಗಿಯಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ರಸ್ತೆ ಮೇಲೇ ಒಣಗಲು ಹರವಿದ ಮೆಕ್ಕೆಜೋಳ, ಹೊಲದ ದಾರಿಯಿಂದ ಹಿಂದುಮುಂದು ನೋಡದೆ ನುಗ್ಗುವ ಬೈಕು. ಪಕ್ಕದಿಂದ ಪೆಟ್ಟು ಬಿದ್ದಾಗ ಸೈಡ್ ಏರ್‌ಬ್ಯಾಗ್, ಕರ್ಟನ್ ಏರ್‌ಬ್ಯಾಗ್ ಬೇಕು. ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ನಾನು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಯಾವ ಗಾಡಿ ತಗೊಂಡರೂ ಮಗಳಿಗೆ ಚೈಲ್ಡ್ ಸೀಟ್ ಹಾಕಿಸಿ. ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡವೇ ಬೇಡ.

ಬೆಲೆ ಕೂಡ ಈಗ ಅನುಕೂಲಕ್ಕೆ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%. ಮುಂಚೆ 28%, ಮೇಲೆ 1% ಸೆಸ್ ಇತ್ತು. ಎನ್ ಲೈನ್ 998 ಸಿಸಿ, 3995 ಮಿಲಿಮೀಟರ್. ಎರಡರಲ್ಲೂ ಗೆರೆಯೊಳಗೇ ಇದೆ. ಅದರ ಎನ್6 ವೇರಿಯಂಟ್, ಮ್ಯಾನ್ಯುಯಲ್, ನಿಮ್ಮ 12 ಲಕ್ಷದೊಳಗೆ ಕೂರುತ್ತದೆ. ಆಟೋಮ್ಯಾಟಿಕ್ ಬೇಕೆಂದರೆ ಬಜೆಟ್ ಹಿಗ್ಗಿಸಬೇಕು. ಆನ್ ರೋಡ್ ಕೊಟೇಷನ್‌ನಲ್ಲಿ ಆಕ್ಸೆಸರಿ ಅಂತ ಕಡ್ಡಾಯ ಮಾಡಿ ಸೇರಿಸಿದ್ದರೆ ತೆಗೆಸಿ.

ಇಷ್ಟಾದರೂ ಮನಸ್ಸು ಪೋಲೋ ಮೇಲೇ ಇದ್ದರೆ ನಾನು ಬೇಡ ಅನ್ನುವುದಿಲ್ಲ. ಆ ಸ್ಟೀರಿಂಗ್, ಬಾಗಿಲು ಮುಚ್ಚುವಾಗಿನ ಆ ಭಾರದ ಸದ್ದು, ನೂರರ ಸ್ಪೀಡಿನಲ್ಲೂ ನೆಲಕ್ಕೆ ಅಂಟಿಕೊಂಡಂತೆ ಹೋಗುವುದು, ಇವಕ್ಕೆ ಮನಸೋತವರಿಗೆ ಬೇರೆ ಗಾಡಿ ಒಗ್ಗುವುದು ಕಷ್ಟ. ಒಳ್ಳೆ ಸುದ್ದಿ ಅಂದರೆ ನೀವು ನೋಡಿದ 2021ರ ಗಾಡಿಯಲ್ಲಿರುವುದು ಟಾರ್ಕ್ ಕನ್ವರ್ಟರ್ ಅನ್ನುವ ಹಳೇ ನಮೂನೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2020ಕ್ಕೆ ಮುಂಚಿನ 1.2 ಟಿಎಸ್‌ಐನಲ್ಲಿ ಡ್ರೈ ಕ್ಲಚ್‌ನ 7 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಇತ್ತು. ಬಿಸಿಲಿನಲ್ಲಿ, ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಅದು ಬೇಗ ಕಾಯುತ್ತದೆ, ಗೇರ್ ಬದಲಾಯಿಸುವ ಮೆಕಾಟ್ರಾನಿಕ್ ಯೂನಿಟ್ ಕೈಕೊಟ್ಟರೆ ಖರ್ಚು ದೊಡ್ಡದು. ಹಳೇ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಆ ಕಡೆ ಹೋಗಬೇಡಿ. 1.0 ಟಿಎಸ್‌ಐ ಎಂಜಿನ್ ಟೈಗುನ್, ವರ್ಟಸ್‌ನಲ್ಲೂ ಇರುವುದರಿಂದ ಎಂಜಿನ್ ಸ್ಪೇರ್ ಪಾರ್ಟ್‌ಗೆ ಭಯ ಇಲ್ಲ. ಸರ್ವೀಸ್‌ಗೆ ನಿಮಗೆ ಹತ್ತಿರದ ವರ್ಕ್‌ಶಾಪ್ ಎಷ್ಟು ದೂರ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಹುಂಡೈಗೆ ಆ ಚಿಂತೆ ಇಲ್ಲ.

ನೋಡಲು ಹೋಗುವಾಗ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿರಬಾರದು ಅಂತ ಮೊದಲೇ ಹೇಳಿಡಿ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ಅಂತ ನೋಡಿ. ಆಮೇಲೆ ಟಾರ್ಚ್ ಹಿಡಿದು ಗ್ರಿಲ್ ಒಳಗೆ ರೇಡಿಯೇಟರ್ ರೆಕ್ಕೆಗಳನ್ನು ನೋಡಿ. ನಮ್ಮ ಭಾಗದಲ್ಲಿ ಓಡಿದ ಗಾಡಿಯಾದರೆ ಅಲ್ಲಿ ಹೊಟ್ಟು, ಹುಳ, ಕೆಂಪು ಮಣ್ಣು ಕೂತಿರುತ್ತದೆ. ಟರ್ಬೊ ಎಂಜಿನ್ ತಂಪಾಗಿರಲು ಆ ಗಾಳಿ ಹೋಗುವ ದಾರಿ ತೆರೆದಿರಬೇಕು. ಏರ್ ಫಿಲ್ಟರ್ ಡಬ್ಬಿ ತೆರೆಸಿ. ಫಿಲ್ಟರ್ ದಾಟಿ ಒಳಗಿನ ಪೈಪಿನಲ್ಲೂ ಧೂಳಿನ ಪುಡಿ ಕೈಗೆ ಹತ್ತಿದರೆ ಆ ಗಾಡಿ ಬಿಟ್ಟುಬಿಡಿ. ಆ ಧೂಳು ನೇರ ಟರ್ಬೊಗೆ ಹೋಗಿರುತ್ತದೆ. ಸರ್ವೀಸ್ ದಾಖಲೆಯಲ್ಲಿ ಆಯಿಲ್ ಬದಲಾಯಿಸಿದ ತಾರೀಖು, ಕಿಲೋಮೀಟರ್ ಎರಡೂ ನೋಡಿ. ಇಂಥ ಧೂಳಿನಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗ ಬದಲಾಯಿಸಿದ್ದರೆ ಆ ಓನರ್ ಗಾಡಿ ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಅರ್ಥ. ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಯಿಸಿದ್ದಾರಾ (ಇಸಿಯು ರಿಮ್ಯಾಪ್) ಅಂತ ನೇರವಾಗಿ ಕೇಳಿ, ವರ್ಕ್‌ಶಾಪ್‌ನಲ್ಲಿ ಸ್ಕ್ಯಾನ್ ಕೂಡ ಮಾಡಿಸಿ. ಪೆಟ್ರೋಲ್ ಮುಚ್ಚಳದ ಒಳಗೆ, ಮ್ಯಾನ್ಯುಯಲ್‌ನಲ್ಲಿ ಯಾವ ಎಥೆನಾಲ್ ಮಟ್ಟಕ್ಕೆ ಒಪ್ಪಿಗೆ ಇದೆ ಅಂತ ಓದಿ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್.

ಓಡಿಸುವಾಗ ಎಸಿ ಫುಲ್ ಇಟ್ಟು ಅರ್ಧ ಗಂಟೆಯಾದರೂ ಓಡಿಸಿ. ಒಳ್ಳೆ ಹೈವೇಯಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಇರುತ್ತದೆ. ಕಿಟಕಿ ಇಳಿಸಿ, ಹಂಪ್ಸ್ ಮೇಲೆ ನಿಧಾನ ಹತ್ತಿಸಿ, ಮುಂದಿನ ಚಕ್ರದ ಕಡೆಯಿಂದ 'ಕಟ್ ಕಟ್' ಸದ್ದು ಬರುತ್ತಾ ಕೇಳಿ. ಬಂದರೆ ಬುಷ್, ಲಿಂಕ್ ರಾಡ್ ಸವೆದಿರುತ್ತದೆ. ಅದು ಗಾಡಿ ಬಿಡುವಂಥ ದೋಷ ಅಲ್ಲ, ಬೆಲೆ ಇಳಿಸಲು ಒಳ್ಳೆ ಕಾರಣ.

ಹುಬ್ಬಳ್ಳಿಯ ಜಿಟಿ ಈ ಪರೀಕ್ಷೆಯಲ್ಲಿ ಸೋತು ಲೆಜೆಂಡ್ ಗೆದ್ದರೆ ಏನು ಮಾಡಬೇಕು? ಲೆಜೆಂಡ್ ತಗೊಳ್ಳಿ, ತಪ್ಪೇನಿಲ್ಲ. ಆದರೆ ಜಾಸ್ತಿ ಕೊಡುವುದು ಒಳ್ಳೆ ಕಂಡಿಷನ್‌ಗೆ, ಬ್ಯಾಡ್ಜ್‌ಗೆ ಅಲ್ಲ ಅಂತ ಬ್ರೋಕರ್ ಮುಂದೆ ಬಿಡಿಸಿ ಹೇಳಿ. ಕರ್ನಾಟಕದ ಟ್ಯಾಕ್ಸ್ ಎಷ್ಟು ಬರುತ್ತೆ ಅಂತ ಕೊಪ್ಪಳ ಆರ್‌ಟಿಒದಲ್ಲಿ ಕೇಳಿಕೊಂಡು, ಅಷ್ಟನ್ನು ಅವರು ಹೇಳುವ ಬೆಲೆಯಲ್ಲಿ ಮುರಿದುಕೊಂಡು ಮಾತಾಡಿ. ಅಸಲಿ ಲೆಜೆಂಡ್ ಹೌದಾ ಅಂತ ಮೊದಲ ಇನ್‌ವಾಯ್ಸ್ ನೋಡಿ. ಬ್ಯಾಡ್ಜ್ ಯಾರು ಬೇಕಾದರೂ ಅಂಟಿಸಬಹುದು. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಟೋಕನ್ ಮಾತ್ರ ಕೊಡಿ.

ಮತ್ತೆ, ಸೆಕೆಂಡ್ ಹ್ಯಾಂಡ್ ಯಾವುದೇ ತಗೊಂಡರೂ ಇನ್ಶೂರೆನ್ಸ್ ಮರೆಯಬೇಡಿ. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಲು ಅರ್ಜಿ ಕೊಡಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವರಿಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ, ಹಾಗಾಗಿ ಸ್ವಲ್ಪ ದುಡ್ಡು ಜಾಸ್ತಿ ಕಟ್ಟಬೇಕಾಗುತ್ತದೆ. ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಅಲಾಯ್ ಇದ್ದರೆ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ. ಬರೆಸದಿದ್ದರೆ ಕಳುವಾದಾಗ ಅದರ ದುಡ್ಡು ಸಿಗುವುದಿಲ್ಲ.